ತರಕಾರಿ ಪಾತಿಯಲ್ಲಿ ಎರೆಹುಳು ನಿಲ್ಲುತ್ತಿಲ್ಲವೇ? ದೋಷ ಹುಡುಕುವ ಬಗೆ

"ಮೂರು ಚೀಲ ಗೊಬ್ಬರ ಸುರಿದೆ, ಒಂದು ಕಿಲೋ ಎರೆಹುಳು ತಂದು ಬಿಟ್ಟೆ, ಆದರೂ ಬದನೆ ಗಿಡ ಮೊಣಕಾಲುದ್ದಕ್ಕೂ ಬರಲಿಲ್ಲ." ಬೆಂಗಳೂರಿನ ಹೊಸ ಬಡಾವಣೆಗಳಲ್ಲಿ ಮನೆ ಪಕ್ಕದ ಚೂರು ಜಾಗದಲ್ಲಿ ತರಕಾರಿ ಹಾಕುವವರ ಬಾಯಲ್ಲಿ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಇನ್ನೂ ಎರಡು ಚೀಲ ಹಾಕಿ ನೋಡಿ ಎನ್ನುವವರೇ ಜಾಸ್ತಿ. ಎಡವುವುದು ಅಲ್ಲೇ. ಎರೆಹುಳು ಮಣ್ಣಿಗೆ ಹಾಕುವ ಔಷಧಿ ಅಲ್ಲ. ತಿನ್ನಲು ಏನಾದರೂ ಇದ್ದು, ಒದ್ದೆ ಇದ್ದು, ಗಾಳಿ ಆಡುತ್ತಿದ್ದು, ವಿಷ ಇಲ್ಲದಿದ್ದರೆ ಅದು ತಾನಾಗೇ ಬರುತ್ತದೆ. ಬಂದಿಲ್ಲ ಅಂದರೆ ಈ ನಾಲ್ಕರಲ್ಲಿ ಯಾವುದೋ ಒಂದು ಕೆಟ್ಟಿದೆ. ಯಾವುದು ಅಂತ ಗೊತ್ತಾಗುವ ತನಕ ಏನು ಸುರಿದರೂ ದಂಡ.

ಇಲ್ಲಿ ಬರೆದಿರುವುದು ಮುಖ್ಯವಾಗಿ ಬೆಂಗಳೂರು, ಕೋಲಾರ, ತುಮಕೂರು ಕಡೆಯ ಕೆಂಪು ಮಣ್ಣಿಗೆ. ಕರಾವಳಿ, ಮಲೆನಾಡಿನವರಿಗೆ ಒಂದೆರಡು ಕಡೆ ಲೆಕ್ಕ ಉಲ್ಟಾ ಆಗುತ್ತದೆ. ಅದನ್ನು ಅಲ್ಲಲ್ಲೇ ಹೇಳಿದ್ದೇನೆ.

ಮೊದಲು ಅಗೆದು ನೋಡಿ

ಮಳೆಗಾಲದಲ್ಲಿ, ಮಳೆ ಬಿದ್ದು ಎರಡು ದಿನ ಆದ ಮೇಲೆ, ಬೆಳಿಗ್ಗೆ ಹೊತ್ತು ಗುದ್ದಲಿ ಹಿಡಿಯಿರಿ. ಒಂದಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ ಅಗೆದು ಮಣ್ಣನ್ನೆಲ್ಲ ಒಂದು ಗೋಣಿಚೀಲದ ಮೇಲೆ ಹಾಕಿ. ಹೆಂಟೆ ಒಡೆದು ಹುಳು ಎಣಿಸಿ. ಹತ್ತರ ಹತ್ತಿರ ಸಿಕ್ಕರೆ ನಿಮ್ಮ ಮಣ್ಣು ಚೆನ್ನಾಗಿದೆ, ತೊಂದರೆ ಬೇರೆ ಕಡೆ ಇದೆ. ಮೂರು ನಾಲ್ಕು ಸಿಕ್ಕರೆ ಊಟ ಕಡಿಮೆ. ಒಂದೂ ಇಲ್ಲದಿದ್ದರೆ ಮುಂದೆ ಓದಿ.

ಏಪ್ರಿಲ್ ಬಿಸಿಲಲ್ಲಿ ಅಗೆದು "ಒಂದೂ ಇಲ್ಲ" ಅಂತ ಗಾಬರಿ ಬೀಳಬೇಡಿ. ಬೇಸಿಗೆಯಲ್ಲಿ ಅವು ತಂಪು ಹುಡುಕಿಕೊಂಡು ಆಳಕ್ಕೆ ಇಳಿದು ಸುರುಳಿ ಸುತ್ತಿಕೊಂಡು ಬಿದ್ದಿರುತ್ತವೆ. ಆಳದಲ್ಲಿವೆಯೋ ಅಂತ ಅನುಮಾನ ಇದ್ದರೆ ಎರಡು ಲೀಟರ್ ನೀರಿಗೆ ಎರಡು ದೊಡ್ಡ ಚಮಚ ಸಾಸಿವೆ ಪುಡಿ ಕದಡಿ ಅಗೆದ ಗುಂಡಿಗೆ ನಿಧಾನಕ್ಕೆ ಹುಯ್ಯಿರಿ. ಖಾರ ತಾಳಲಾರದೆ ಆಳದ ಹುಳು ಐದು ಹತ್ತು ನಿಮಿಷದಲ್ಲಿ ಮೇಲೆ ಬರುತ್ತದೆ. ಎಣಿಸಿ, ಒಳ್ಳೆ ನೀರಲ್ಲಿ ತೊಳೆದು ವಾಪಸ್ ಬಿಡಿ.

ಎರಡನೇ ಪರೀಕ್ಷೆಗೆ ಗಾಜಿನ ಲೋಟ ಸಾಕು. ಪಾತಿಯಿಂದ ನಿಂಬೆಹಣ್ಣಿನ ಗಾತ್ರದ ಒಣಗಿದ ಹೆಂಟೆ ಒಂದು ತೆಗೆದುಕೊಳ್ಳಿ. ಅದೇ ಕಾಂಪೌಂಡಿನಲ್ಲೋ ಬೀದಿಯಲ್ಲೋ ಇರುವ ಹಳೇ ಹೊಂಗೆ ಮರದ ಬುಡದಿಂದ ಇನ್ನೊಂದು. ಎರಡು ಲೋಟ ನೀರಲ್ಲಿ ಒಂದೊಂದು ಮೆಲ್ಲಗೆ ಇಳಿಬಿಡಿ. ಪಾತಿಯ ಹೆಂಟೆ ಗುಳುಗುಳು ಅಂತ ಗುಳ್ಳೆ ಬಿಟ್ಟು ಒಂದೇ ನಿಮಿಷದಲ್ಲಿ ಕುಸಿದು ರಾಡಿ ಆದರೆ ಅದರಲ್ಲಿ ಅಂಟು ಹಿಡಿಯುವ ಸಾವಯವ ಅಂಶ ಇಲ್ಲ ಅಂತಲೇ ಅರ್ಥ. ಹೊಂಗೆ ಬುಡದ್ದು ಹಾಗೇ ಕೂತಿರುತ್ತದೆ, ನೀರೂ ತಿಳಿಯಾಗಿ ಇರುತ್ತದೆ. ಉದುರಿದ ಎಲೆ, ಹುಳುವಿನ ಹಿಕ್ಕೆ, ಬೇರಿನ ಎಳೆ ಸೇರಿ ಆ ಮಣ್ಣನ್ನು ಕಟ್ಟಿ ಹಿಡಿದಿವೆ. ಮಳೆ ಬಂದು ಹೋದ ಮೇಲೆ ಪಾತಿಯ ಮೇಲ್ಮೈ ಚಕ್ಕೆ ಕಟ್ಟಿ, ಬಿತ್ತಿದ ಮೆಂತ್ಯ, ಕೊತ್ತಂಬರಿ ಮೇಲೆ ಬರಲಾಗದೆ ಒಳಗೇ ಕಮರುವುದು ಇದೇ ಕಾರಣಕ್ಕೆ.

ಹುಳು ಒಂದೂ ಇಲ್ಲ

ಮೊದಲ ಪ್ರಶ್ನೆ: ಆ ಮಣ್ಣು ಎಲ್ಲಿಂದ ಬಂತು? ತಗ್ಗಿನ ಸೈಟಾಗಿದ್ದರೆ ಕಟ್ಟುವಾಗ ಯಾರದೋ ನೆಲಮಾಳಿಗೆ ಅಗೆದ ಮಣ್ಣು ಲಾರಿಯಲ್ಲಿ ತಂದು ತುಂಬಿಸಿರುತ್ತಾರೆ. ಹತ್ತಡಿ ಆಳದಿಂದ ಬಂದ ಆ ಮಣ್ಣು ಎಲೆ ಕಂಡಿಲ್ಲ, ಬೇರು ಕಂಡಿಲ್ಲ. ನೋಡಲು ಚೆಂದದ ಕೆಂಪು, ಒಳಗೆ ಮಾತ್ರ ಹುಳುವಿಗೆ ತಿನ್ನಲು ಏನೂ ಇಲ್ಲ. ಮೇಲಿಂದ ಗಾರೆ ಕಲಸಿದ ನೀರು, ಪ್ಲಾಸ್ಟರ್ ಚೂರು, ಟೈಲ್ಸ್ ಪುಡಿ ಬೇರೆ.

ಸಿಮೆಂಟು, ಸುಣ್ಣ ಬೆರೆತಿದೆಯೋ ಅಂತ ನೋಡಲು ಅಡುಗೆಮನೆಯ ನಿಂಬೆಹಣ್ಣೇ ಸಾಕು. ಒಂದು ಚಮಚ ಒಣ ಮಣ್ಣು ಪುಡಿ ಮಾಡಿ ರಸ ಹಿಂಡಿ, ಕಿವಿ ಹತ್ತಿರ ಹಿಡಿಯಿರಿ. ಚುರ್ ಅಂತ ನೊರೆ ಎದ್ದರೆ ಸುಣ್ಣ ಇದೆ. ನಮ್ಮ ಕಡೆಯ ಮೂಲ ಕೆಂಪು ಮಣ್ಣಲ್ಲಿ ಸಾಮಾನ್ಯವಾಗಿ ಹೀಗಾಗುವುದಿಲ್ಲ. ನೊರೆ ಬಂದರೆ ಗಾರೆ ಚೂರುಗಳನ್ನು ಜರಡಿ ಹಿಡಿದು ಹೊರಗೆ ಹಾಕಿ. ಆಮೇಲೆ ಆ ಪಾತಿಗೆ ಬೂದಿ, ಸುಣ್ಣ, ಮೊಟ್ಟೆ ಚಿಪ್ಪಿನ ಪುಡಿ ಯಾವುದೂ ಬೇಡ. ಹಂಡೆ ಒಲೆಯ ಬೂದಿ ಗಿಡಕ್ಕೆ ಒಳ್ಳೇದು ಅಂತ ಅಜ್ಜಿ ಹೇಳಿದ್ದು ಸುಳ್ಳಲ್ಲ. ಆದರೆ ಅದು ಜೋರು ಮಳೆಯಲ್ಲಿ ತೊಳೆದು ಹುಳಿಯಾದ ಮಲೆನಾಡು, ಕರಾವಳಿಯ ಮಣ್ಣಿಗೆ ಒಪ್ಪುವ ಮಾತು. ಅಲ್ಲಿ ಹುಳು ಇಲ್ಲದಿರಲು ಹುಳಿ ಮಣ್ಣೇ ಕಾರಣ ಇರಬಹುದು, ಸುಣ್ಣವೇ ಮದ್ದು.

ತುಂಬಿದ ಮಣ್ಣು ತೀರಾ ಕೆಟ್ಟಿದ್ದರೆ ಅದರ ಜೊತೆ ಗುದ್ದಾಡುವುದಕ್ಕಿಂತ ಮೇಲೆ ಮುಕ್ಕಾಲು ಅಡಿ ಎತ್ತರದ ಏರುಮಡಿ ಕಟ್ಟುವುದು ವಾಸಿ. ಸುಮಾರಾಗಿದ್ದರೆ ಹಸಿರು ಗೊಬ್ಬರ ಬೆಳೆಯಿರಿ. ಜೂನ್ ಮಳೆಗೆ ಸೆಣಬು, ಹುರುಳಿ, ಅಲಸಂದೆ ಯಾವುದಾದರೂ ಒತ್ತಾಗಿ ಚೆಲ್ಲಿ. ಸುಮಾರು 45 ದಿನಕ್ಕೆ ಹೂ ಬರುವ ಹೊತ್ತಿಗೆ ಕತ್ತರಿಸಿ ಮಣ್ಣಿಗೆ ಸೇರಿಸಿ, ಎರಡು ಮೂರು ವಾರ ಕೊಳೆಯಲು ಬಿಡಿ, ಆಮೇಲೆ ಸಸಿ ನೆಡಿ. ಒಂದು ಬೆಳೆ ತರಕಾರಿ ಕೈತಪ್ಪುತ್ತದೆ ನಿಜ. ಆದರೆ ಚೀಲದ ಗೊಬ್ಬರದಿಂದ ಆಗದ ಕೆಲಸವನ್ನು ಆ ಬೇರುಗಳು ಕೆಳಗಿಳಿದು ಮಾಡುತ್ತವೆ.

ಎರಡನೇ ಪ್ರಶ್ನೆ: ವಿಷ ಬಿದ್ದಿದೆಯಾ? ಪಾತಿ ಗೋಡೆಗೆ ಅಂಟಿಕೊಂಡಿದ್ದರೆ ಇದನ್ನು ಕೇಳಲೇಬೇಕು. ಮನೆ ಕಟ್ಟುವಾಗ ಗೆದ್ದಲು ಬರದ ಹಾಗೆ ಪಾಯದ ಸುತ್ತ ಔಷಧಿ ಹುಯ್ದಿರುತ್ತಾರೆ. ಕ್ಲೋರ್‌ಪೈರಿಫಾಸ್ ಥರದ್ದು ಎರೆಹುಳುವನ್ನೂ ಬಿಡುವುದಿಲ್ಲ. ಗೋಡೆಯಿಂದ ಮೂರು ನಾಲ್ಕು ಅಡಿ ದೂರದಲ್ಲಿ ಇನ್ನೊಂದು ಗುಂಡಿ ಅಗೆಯಿರಿ. ಅಲ್ಲಿ ಹುಳು ಇದ್ದು ಗೋಡೆ ಪಕ್ಕ ಇಲ್ಲ ಅಂದರೆ ಉತ್ತರ ಸಿಕ್ಕಿತು. ಆ ಜಾಗದಲ್ಲಿ ತರಕಾರಿ, ಅದರಲ್ಲೂ ಮೂಲಂಗಿ, ಗೆಡ್ಡೆಕೋಸು ಬೇಡವೇ ಬೇಡ. ಹೂವಿನ ಗಿಡ ಹಾಕಿ. ಬೇರಿಗೆ ಹಾಕುವ ಕಾರ್ಬೊಫ್ಯುರಾನ್ ಎಂಬ ಕೀಟನಾಶಕದ ಗುಳಿಗೆಯೂ ಇದೇ ಕೆಲಸ ಮಾಡುತ್ತದೆ. ಅಡಿಕೆ, ಕಾಫಿ ತೋಟದ ಅಂಚಿನಲ್ಲಿ ತರಕಾರಿ ಹಾಕುವವರು ನೆನಪಿಡಬೇಕಾದ್ದು ಮೈಲುತುತ್ತ. ವರ್ಷ ವರ್ಷ ಬೋರ್ಡೋ (ಮೈಲುತುತ್ತ, ಸುಣ್ಣ ಕಲಸಿದ ದ್ರಾವಣ) ಹೊಡೆದಲ್ಲಿ ತಾಮ್ರ ಮಣ್ಣಲ್ಲೇ ಉಳಿದು ಸೇರುತ್ತಾ ಹೋಗುತ್ತದೆ, ಎರೆಹುಳುವಿಗೆ ಅದು ಆಗಿಬರುವುದಿಲ್ಲ.

ಎರಡೂ ಅಲ್ಲ, ಮಣ್ಣು ಊರಿನದ್ದೇ, ವಿಷವೂ ಇಲ್ಲ ಅಂದರೆ ಬಿಸಿಲೇ ಕಾರಣ. ಪಾತಿ ಬೋಳಾಗಿದೆ. ಒಣ ಎಲೆ, ಹುಲ್ಲು, ಕಬ್ಬಿನ ತರಗು ಏನಾದರೂ ಮೂರು ಇಂಚು ಮುಚ್ಚಿಗೆ ಹಾಕಿ, ಒಂದು ಮಳೆಗಾಲ ಕಾಯಿರಿ.

ತಂದು ಬಿಟ್ಟ ಹುಳು ಮಾಯ ಆಯಿತು

ಇದಕ್ಕೆ ಮಾರಿದವರನ್ನು ಬೈಯುವ ಮೊದಲು ಹುಳು ಯಾವ ಜಾತಿ ಅಂತ ನೋಡಿ. ಕಿಲೋ ಲೆಕ್ಕದಲ್ಲಿ ಸಿಗುವುದು ಸಾಮಾನ್ಯವಾಗಿ ಆಫ್ರಿಕಾ ಮೂಲದ ಯೂಡ್ರಿಲಸ್ ಯುಜೀನಿಯೆ ಅಥವಾ ಯುರೋಪಿನ ಐಸೀನಿಯಾ ಫೆಟಿಡಾ. ಇವು ಗೊಬ್ಬರದ ಹುಳು, ಮಣ್ಣಿನ ಹುಳು ಅಲ್ಲ. ಕೊಳೆಯುವ ಸಗಣಿ, ಎಲೆಯ ರಾಶಿಯಲ್ಲಿ ತಿಂದುಂಡು ಮರಿ ಹಾಕುತ್ತವೆ. ಬರೀ ಕೆಂಪು ಮಣ್ಣಿಗೆ ಬಿಟ್ಟರೆ ಒಂದೋ ರಾತ್ರೋರಾತ್ರಿ ಜಾಗ ಖಾಲಿ ಮಾಡುತ್ತವೆ, ಇಲ್ಲವೋ ಒಣಗಿ ಸಾಯುತ್ತವೆ. ಮಣ್ಣಲ್ಲಿ ಬಿಲ ಕೊರೆದು ಮೇಲೆ ಕೆಳಗೆ ಓಡಾಡುವುದು ನಮ್ಮದೇ ಊರಿನ ಹುಳು, ಉದಾಹರಣೆಗೆ ಲ್ಯಾಂಪಿಟೊ ಮಾರಿಟೈ. ಅದನ್ನು ಯಾರೂ ತೂಕ ಹಾಕಿ ಮಾರುವುದಿಲ್ಲ, ಮಾರಬೇಕಾಗಿಯೂ ಇಲ್ಲ. ಮಳೆ ಬಿದ್ದ ಮರುದಿನ ಪಾತಿ ಬದಿಯಲ್ಲಿ ಕೂತು ನೋಡಿ. ಕಾಳಿನಷ್ಟು ಸಣ್ಣ ಸಣ್ಣ ಮಣ್ಣಿನ ಉಂಡೆಗಳ ಗುಪ್ಪೆ ಕಂಡರೆ, ಅದರ ಅಡಿ ಪೆನ್ನಿನ ರೀಫಿಲ್ ತೂರುವಷ್ಟು ತೂತು ಇದ್ದರೆ, ಹುಳು ಆಗಲೇ ಬಂದಿದೆ. ಗುಪ್ಪೆ ಕೆಡಿಸಬೇಡಿ. ಆ ತೂತಿನಲ್ಲೇ ನೀರು ಇಳಿಯುವುದು, ಬೇರೂ ಇಳಿಯುವುದು.

ದುಡ್ಡು ಕೊಟ್ಟು ತಂದ ಹುಳು ಉಳಿಸಿಕೊಳ್ಳಬೇಕು ಅಂದರೆ ಅವಕ್ಕೆ ಪಾತಿಯೊಳಗೇ ಒಂದು ಮನೆ ಮಾಡಿ. ಹಳೇ ಬಣ್ಣದ ಡಬ್ಬಿ ಬೇಡ, ಅಡುಗೆ ಎಣ್ಣೆಯದ್ದೋ ಹಿಟ್ಟಿನದ್ದೋ ಬಕೆಟ್ ಇರಲಿ. ತಳ, ಸುತ್ತ ತುಂಬಾ ತೂತು ಕೊರೆದು ಬಾಯಿ ಮಾತ್ರ ಮೇಲೆ ಕಾಣುವಂತೆ ಹೂಳಿ. ಒಳಗೆ ಅರೆ ಕಳಿತ ಸಗಣಿ, ಒಣ ಎಲೆ, ತರಕಾರಿ ಸಿಪ್ಪೆ. ಮೇಲೆ ಮುಚ್ಚಳ. ಹುಳು ಒಳಗೂ ಹೊರಗೂ ಓಡಾಡಿಕೊಂಡಿರುತ್ತದೆ. ಊರಿನ ಹುಳುವೂ ಊಟದ ವಾಸನೆಗೆ ಸೇರಿಕೊಳ್ಳುತ್ತದೆ.

ಪ್ರತ್ಯೇಕ ತೊಟ್ಟಿಯಲ್ಲೇ ಹುಳು ಸಾಯುತ್ತಿದ್ದರೆ ಕಾರಣಗಳು ಗೊತ್ತಿದ್ದವೇ. ಹಸಿ ಸಗಣಿ ಹಾಕಿದ್ದರೆ ಕಾವಿಗೆ ಸತ್ತಿವೆ. ಸಗಣಿಯನ್ನು 15ರಿಂದ 20 ದಿನ ನೆರಳಲ್ಲಿ ಹರಡಿ, ನೀರು ಚಿಮುಕಿಸಿ, ಕಾವು ಆರಿದ ಮೇಲೆ ಕೊಡಿ. ಕೈಯಲ್ಲಿ ಹಿಂಡಿದರೆ ಒಂದೆರಡು ಹನಿ ಬರುವಷ್ಟು ಒದ್ದೆ ಇರಬೇಕು, ಧಾರೆ ಹರಿದರೆ ಜಾಸ್ತಿ ಆಯಿತು. ಉಪ್ಪಿನಕಾಯಿ, ಸಾರಿನ ಗಸಿ, ಹಿಂಡಿದ ನಿಂಬೆ ಸಿಪ್ಪೆಯ ರಾಶಿ ಅವಕ್ಕೆ ಬೇಡ. ಇರುವೆ ಮುತ್ತಿದ್ದರೆ ತೊಟ್ಟಿ ಒಣಗಿದೆ ಅಂತ ಅರ್ಥ, ನೀರು ಚಿಮುಕಿಸಿ, ಸುತ್ತ ನೀರಿನ ಕಾಲುವೆ ಮಾಡಿ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಗಾಳಿ ಆಡುತ್ತಿಲ್ಲ. ಒಣ ಎಲೆ ಸೇರಿಸಿ, ಮೇಲೆ ಕೆಳಗೆ ಮಾಡಿ.

ಗೊಬ್ಬರ ಹಾಕಿದ ಮೇಲೆಯೇ ಗಿಡ ಹಳದಿ ಆಯಿತು

ಜಾಸ್ತಿ ತಲೆ ಕೆಡಿಸುವ ದೋಷ ಇದು, ಯಾಕೆಂದರೆ ಒಳ್ಳೇದು ಮಾಡಲು ಹೋಗಿ ಕೆಟ್ಟಂತೆ ಕಾಣುತ್ತದೆ. ಯಾವ ಎಲೆ ಹಳದಿ ಆಗಿದೆ ಅಂತ ಮೊದಲು ನೋಡಿ.

ಕೆಳಗಿನ ಹಳೇ ಎಲೆ ಪೂರ್ತಿ ಹಳದಿ, ಮೇಲಿನವು ತಿಳಿ ಹಸಿರು, ಗಿಡ ಕುಂಟುತ್ತಿದೆ: ಸಾರಜನಕದ ಕೊರತೆ. ಗೊಬ್ಬರ ಹಾಕಿಯೂ ಕೊರತೆ ಹೇಗೆ? ನೀವು ಹಾಕಿದ್ದು ಕಳಿತಿರಲಿಲ್ಲ. ಮರದ ಹೊಟ್ಟು, ಒಣ ಎಲೆ, ಭತ್ತದ ಹೊಟ್ಟು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಇವುಗಳಲ್ಲಿ ಇಂಗಾಲ ವಿಪರೀತ, ಸಾರಜನಕ ಕಡಿಮೆ. ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಸಾರಜನಕದ ಒಂದು ಪಾಲಿಗೆ ಇಂಗಾಲ 20 ಪಾಲಿಗಿಂತ ಕಡಿಮೆ ಇರುತ್ತದೆ. ಮರದ ಹೊಟ್ಟಿನಲ್ಲಿ ಅದು ನೂರಾರು ಪಾಲು. ಇದನ್ನು ಮಣ್ಣಿಗೆ ಕಲಸಿದರೆ ಕೊಳೆಸುವ ಸೂಕ್ಷ್ಮಜೀವಿಗಳು ಕೆಲಸ ಮಾಡಲು ಮಣ್ಣಲ್ಲಿದ್ದ ಸಾರಜನಕವನ್ನೇ ಎಳೆದುಕೊಳ್ಳುತ್ತವೆ. ಮದುವೆ ಊಟ ಬಡಿಸುವವರೇ ಮೊದಲ ಪಂಕ್ತಿಯಲ್ಲಿ ಕೂತ ಹಾಗೆ, ಗಿಡಕ್ಕೆ ಎಲೆ ಹಾಕುವ ಹೊತ್ತಿಗೆ ಪಾತ್ರೆ ಖಾಲಿ. ಕೆಲವು ತಿಂಗಳಿಗೆ ಅದು ವಾಪಸ್ ಬರುತ್ತದೆ, ಆದರೆ ಟೊಮೇಟೊ ಅಷ್ಟು ದಿನ ಕಾಯುವುದಿಲ್ಲ ಅಲ್ವಾ?

ಮಾಡಬೇಕಾದ್ದು: ಕಲಸಿದ ಒರಟು ವಸ್ತುವನ್ನು ಆದಷ್ಟು ಕೆದಕಿ ಮೇಲಕ್ಕೆ ತನ್ನಿ. ಮುಚ್ಚಿಗೆಯಾಗಿ ಮೇಲೆ ಇದ್ದರೆ ಅದು ಇಷ್ಟು ತೊಂದರೆ ಕೊಡುವುದಿಲ್ಲ. ಒಂದು ಪಾಲು ಗೋಮೂತ್ರಕ್ಕೆ ಹತ್ತು ಪಾಲು ನೀರು ಬೆರೆಸಿ ಬುಡಕ್ಕೆ ಕೊಡಿ. ಕಡಲೆಕಾಯಿ ಹಿಂಡಿ ನೆನೆಸಿ, ಹುಳಿ ಬಂದ ಮೇಲೆ ತೆಳ್ಳಗೆ ಮಾಡಿ ಕೊಟ್ಟರೂ ಆಗುತ್ತದೆ, ಅದರಲ್ಲಿ ಶೇ. 7ರಷ್ಟು ಸಾರಜನಕ ಇರುತ್ತದೆ. ಗ್ಲಿರಿಸಿಡಿಯಾ, ಹೊಂಗೆ ಸೊಪ್ಪು ಸಿಕ್ಕರೆ ಕತ್ತರಿಸಿ ಮುಚ್ಚಿಗೆಯ ಅಡಿ ಹಾಕಿ.

ಹೊಸ ಚಿಗುರೆಲೆ ಹಳದಿ, ನರ ಮಾತ್ರ ಹಸಿರು: ಕಬ್ಬಿಣದ ಅಂಶ ಗಿಡಕ್ಕೆ ಸಿಗುತ್ತಿಲ್ಲ. ನಮ್ಮ ಕೆಂಪು ಮಣ್ಣಿನ ಬಣ್ಣವೇ ಕಬ್ಬಿಣದಿಂದ ಬಂದದ್ದು, ಹಾಗಾಗಿ ಮಣ್ಣಲ್ಲಿ ಅದು ಇಲ್ಲ ಅಂತಲ್ಲ. ಸುಣ್ಣದ ಅಂಶ ಅದನ್ನು ಕಟ್ಟಿಹಾಕಿದೆ. ಗಾರೆ ಚೂರು, ಬೂದಿ, ಇಲ್ಲವೇ ವರ್ಷಗಟ್ಟಲೆ ಕೊಟ್ಟ ಗಡಸು ಬೋರ್‌ವೆಲ್ ನೀರು ಕಾರಣ. ನಿಂಬೆ ಪರೀಕ್ಷೆಗೆ ವಾಪಸ್ ಹೋಗಿ. ಮಳೆ ನೀರು ಹಿಡಿದು ಹಾಕುವುದು, ಕಳಿತ ಗೊಬ್ಬರ ಜಾಸ್ತಿ ಮಾಡುವುದು ನಿಧಾನದ ದಾರಿ, ಆದರೆ ಗಟ್ಟಿ ದಾರಿ.

ಎಲೆಯ ಅಂಚು ಸುಟ್ಟಂತೆ ಕಂದು, ಮಣ್ಣಿನ ಮೇಲೆ ಬಿಳಿ ಪುಡಿ: ಉಪ್ಪು. ಹಸಿ ಕೋಳಿ ಗೊಬ್ಬರ, ತೊಳೆಯದ ಕೋಕೋಪೀಟ್ ಇಟ್ಟಿಗೆ, ಇಲ್ಲವೇ ಆರ್‌ಒ ಯಂತ್ರದ ಹೊರಹೋಗುವ ನೀರು. ಕೊನೆಯದ್ದನ್ನು ಸುಮ್ನೆ ಚೆಲ್ಲಲು ಮನಸ್ಸು ಬರದೆ ಎಷ್ಟೋ ಜನ ಪಾತಿಗೆ ತಿರುಗಿಸಿರುತ್ತಾರೆ. ಕುಡಿಯುವ ನೀರಿನಿಂದ ತೆಗೆದ ಉಪ್ಪೆಲ್ಲ ಅದರಲ್ಲೇ ಇರುತ್ತದೆ. ನೆಲ ಒರೆಸಿ, ಪಾತಿಗೆ ಬೇಡ. ಎರೆಹುಳು ಚರ್ಮದಿಂದಲೇ ಉಸಿರಾಡುವ ಜೀವಿ, ಉಪ್ಪು ಜಾಸ್ತಿಯಾದ ಕಡೆ ಅದು ಬದುಕುವುದಿಲ್ಲ.

ಗೊಬ್ಬರ ಕಳಿತಿದೆಯೋ ಇಲ್ಲವೋ ಅಂತ ಕೊಳ್ಳುವ ಮೊದಲೇ ತಿಳಿಯಬಹುದು. ರಾಶಿಯ ಮಧ್ಯಕ್ಕೆ ಕಬ್ಬಿಣದ ಸರಳು ಚುಚ್ಚಿ, ಐದು ನಿಮಿಷ ಬಿಟ್ಟು ತೆಗೆದು ಮುಟ್ಟಿ. ಬಿಸಿ ಇದ್ದರೆ ಇನ್ನೂ ಬೇಯುತ್ತಿದೆ. ತಣ್ಣಗಿದ್ದರೆ ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿ ಮೂರು ದಿನ ಇಡಿ. ಬಿಚ್ಚಿದಾಗ ಮೊದಲ ಮಳೆಯ ಮಣ್ಣಿನ ವಾಸನೆ ಬಂದರೆ ಸರಿ. ಮೂಗಿಗೆ ಘಾಟು ಹೊಡೆದರೆ, ಹುಳಿ ವಾಸನೆ ಬಂದರೆ ಇನ್ನೊಂದು ತಿಂಗಳು ಬಿಡಿ.

ನೀರು ಇಳಿಯುತ್ತಿಲ್ಲ

ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಲಿ. ಮತ್ತೆ ತುಂಬಿಸಿ. ಎರಡನೇ ಸಲದ ನೀರು ತಾಸಿಗೆ ಒಂದು ಇಂಚಾದರೂ ಇಳಿದರೆ ಪರವಾಗಿಲ್ಲ. ಸಂಜೆವರೆಗೂ ನಿಂತೇ ಇದ್ದರೆ ಅಡಿಯಲ್ಲಿ ಗಟ್ಟಿ ಪದರ ಇದೆ. ಕಟ್ಟುವಾಗ ಜೆಸಿಬಿ, ಲಾರಿ ಓಡಾಡಿ ತುಳಿದದ್ದು. ಹಾರೆಯಿಂದ ಅಲ್ಲಲ್ಲಿ ಆಳಕ್ಕೆ ಚುಚ್ಚಿ, ತೂತಿಗೆ ಕಳಿತ ಗೊಬ್ಬರ ತುಂಬಿ. ಮಣ್ಣು ಸಡಿಲ ಆಗಲಿ ಅಂತ ಎಂ-ಸ್ಯಾಂಡ್ ಮಾತ್ರ ಸುರಿಯಬೇಡಿ. ಅದರ ಸಣ್ಣ ಪುಡಿ ಜೇಡಿಗೆ ಸೇರಿ ಒಣಗಿದರೆ ಗುದ್ದಲಿಯೂ ಇಳಿಯುವುದಿಲ್ಲ.

ಮೊದಲ ವರ್ಷ ಪಾತಿಯ ಮೇಲೆ ಎರಡು ಇಂಚು ಗೊಬ್ಬರ ಲೆಕ್ಕ ಇಟ್ಟುಕೊಳ್ಳಿ. 10 ಅಡಿ ಉದ್ದ 4 ಅಡಿ ಅಗಲದ ಪಾತಿಗೆ 20 ಲೀಟರಿನ ಬಕೆಟ್‌ನಲ್ಲಿ ಒಂಬತ್ತು ಹತ್ತು ಬಕೆಟ್ ಹಿಡಿಯುತ್ತದೆ. ಮೇಲಿನ ಅರ್ಧ ಅಡಿಗೆ ಒಂದು ಸಲ ಕಲಸಿ. ಮುಂದಿನ ವರ್ಷದಿಂದ ಒಂದು ಇಂಚು ಮೇಲೆ ಹರಡಿದರೆ ಸಾಕು, ಕೆಳಗೆ ಒಯ್ಯುವುದು ಹುಳುವಿನ ಕೆಲಸ. ಪ್ರತಿ ಬೆಳೆಗೂ ಬುಡಮೇಲು ಅಗೆಯುವ ಅಭ್ಯಾಸ ಬಿಡಿ, ಬಿಲಗಳೆಲ್ಲ ಮುಚ್ಚಿ ಹೋಗುತ್ತವೆ.

ಬೇರೆ ಹುಳು ಬಂದಿದೆ

ಇಂಗ್ಲಿಷ್ ಸಿ ಅಕ್ಷರದಂತೆ ಬಾಗಿದ, ಕಂದು ತಲೆಯ ದಪ್ಪ ಬಿಳಿ ಹುಳು ಗೊಣ್ಣೆಹುಳು. ಅರೆ ಕಳಿತ ಕೊಟ್ಟಿಗೆ ಗೊಬ್ಬರದ ಜೊತೆ ಬಂದಿರುತ್ತದೆ. ಕೆಲವು ಜಾತಿ ಬೇರು ತಿಂದು ಗಿಡ ಬಾಡಿಸುತ್ತವೆ. ಗೊಬ್ಬರವನ್ನು ಗೋಣಿ ಮೇಲೆ ಬಿಸಿಲಿಗೆ ಹರಡಿ ಆರಿಸಿ ಹಾಕಿ. ಹತ್ತಿರದಲ್ಲಿ ಕೋಳಿ ಸಾಕಿದವರಿದ್ದರೆ ಹೆಕ್ಕುವ ಕೆಲಸ ಅರ್ಧ ಮುಗಿದಂತೆ.

ಮುಚ್ಚಿಗೆ ಹಾಕಿದ ಮೇಲೆ ಮಳೆಗಾಲದಲ್ಲಿ ದೊಡ್ಡ ಆಫ್ರಿಕನ್ ಬಸವನಹುಳು ಅಡಿಯಲ್ಲಿ ಸೇರಿಕೊಳ್ಳುವುದು ಬೆಂಗಳೂರಿನಲ್ಲಿ ಮಾಮೂಲು. ಸಂಜೆ ಒದ್ದೆ ಗೋಣಿಚೀಲದ ಅಡಿ ಪರಂಗಿ ಎಲೆ, ಎಲೆಕೋಸಿನ ಸಿಪ್ಪೆ ಇಡಿ, ಬೆಳಿಗ್ಗೆ ಎತ್ತಿ ಆರಿಸಿ. ಕೈಗೆ ಗ್ಲೌಸ್ ಇರಲಿ. ಆರಿಸಿದ್ದನ್ನು ಉಪ್ಪು ನೀರಿನ ಬಕೆಟ್‌ಗೆ ಹಾಕಿ. ಪಾತಿ ಮೇಲೆ ಉಪ್ಪು ಎರಚಬೇಡಿ, ಎರೆಹುಳುವೂ ಹೋಗುತ್ತದೆ. ಸಸಿ ಚಿಕ್ಕದಿರುವಾಗ ಬುಡದಿಂದ ಒಂದು ಗೇಣು ಮುಚ್ಚಿಗೆ ಬಿಡಿಸಿಡಿ.

ಕಿತ್ತ ಗಿಡದ ಬೇರಿನಲ್ಲಿ ಗಂಟು ಕಂಡರೆ ಗಾಬರಿಗೆ ಮುಂಚೆ ಗಿಡ ಯಾವುದು ನೋಡಿ. ಹುರುಳಿಕಾಯಿ, ಅಲಸಂದೆಯ ಬೇರಿಗೆ ಅಂಟಿದ ಗಂಟು ಉಗುರಿಂದ ತಟ್ಟಿದರೆ ಉದುರುತ್ತದೆ, ಚಿವುಟಿದರೆ ಒಳಗೆ ನಸುಗೆಂಪು. ಅದು ಗಾಳಿಯ ಸಾರಜನಕ ಹಿಡಿಯುವ ಗಂಟು, ಒಳ್ಳೇದು. ಟೊಮೇಟೊ, ಬದನೆ, ಬೆಂಡೆಯಲ್ಲಿ ಬೇರೇ ಊದಿಕೊಂಡು ಮಣಿ ಪೋಣಿಸಿದಂತಿದ್ದರೆ ಬೇರಿಗೆ ಬೀಳುವ ಜಂತುಹುಳುವಿನ (ನೆಮಟೋಡ್) ಕಾಟ. ಆ ಪಾತಿಗೆ ಬೇವಿನ ಹಿಂಡಿ ಹಾಕಿ, ಮುಂದಿನ ಬೆಳೆ ಚೆಂಡು ಹೂ ಒತ್ತಾಗಿ ಹಾಕಿ. ಕಿತ್ತ ಬೇರನ್ನು ಕಾಂಪೋಸ್ಟ್ ಗುಂಡಿಗೆ ಎಸೆಯಬೇಡಿ.

ಎಲ್ಲ ಸರಿ ಇದೆ, ಕಾಯಿ ಮಾತ್ರ ಇಲ್ಲ

ಹುಳು ಇದೆ, ಎಲೆ ಕಡು ಹಸಿರು, ಗಿಡ ಆಳೆತ್ತರ, ಹೂವೇ ಇಲ್ಲ ಅಂದರೆ ಸಾರಜನಕ ಜಾಸ್ತಿ ಆಗಿದೆ. ಹಿಂಡಿ, ಗೋಮೂತ್ರ ಎರಡನ್ನೂ ನಿಲ್ಲಿಸಿ. ಪಾತಿಗೆ ಆರು ತಾಸಾದರೂ ಬಿಸಿಲು ಬೀಳುತ್ತಿದೆಯೋ ನೋಡಿ. ಪಕ್ಕದಲ್ಲಿ ನಾಲ್ಕು ಮಹಡಿ ಎದ್ದಿದ್ದರೆ ಮಣ್ಣನ್ನು ದೂರಿ ಪ್ರಯೋಜನ ಇಲ್ಲ, ಸೊಪ್ಪು ಬೆಳೆದುಕೊಳ್ಳಿ. ಟೊಮೇಟೊ ಎಲೆ ಮುದುಡಿ ಚಿಕ್ಕದಾಗಿದ್ದರೆ ಅದು ಬಿಳಿನೊಣ ತರುವ ವೈರಸ್, ಗೊಬ್ಬರದಿಂದ ವಾಸಿ ಆಗುವುದಿಲ್ಲ.

ಇಷ್ಟಾದರೂ ದೋಷ ಸಿಗದಿದ್ದರೆ ಮಣ್ಣು ಪರೀಕ್ಷೆಗೆ ಕೊಡಿ. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲೋ ರೈತ ಸಂಪರ್ಕ ಕೇಂದ್ರದಲ್ಲೋ ವಿಚಾರಿಸಿ. ಗೊಬ್ಬರ ಹಾಕಿದ ಹೊಸದರಲ್ಲಿ ಮಾದರಿ ತೆಗೆಯಬೇಡಿ. ಪಾತಿಯ ಐದಾರು ಕಡೆ ಆರು ಇಂಚು ಆಳಕ್ಕೆ ಓರೆಯಾಗಿ ಕಡಿದು, ಬದಿಯ ಮಣ್ಣು ಕೆರೆದು ಎಲ್ಲ ಬೆರೆಸಿ, ನೆರಳಲ್ಲಿ ಒಣಗಿಸಿ, ಅರ್ಧ ಕಿಲೋ ಬಟ್ಟೆ ಚೀಲಕ್ಕೆ ಹಾಕಿ. ವರದಿ ಕೈಗೆ ಬಂದಾಗ ಮೊದಲು ಸಾವಯವ ಇಂಗಾಲದ ಸಾಲು ನೋಡಿ. ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.75 ದಾಟಿದ್ದರೆ ಚೆನ್ನಾಗಿದೆ. ಆಮೇಲೆ ರಸಸಾರ (ಪಿಎಚ್): 6.5ರಿಂದ 7.5ರ ಒಳಗಿದ್ದರೆ ಹೆಚ್ಚಿನ ತರಕಾರಿಗೂ ಎರೆಹುಳುವಿಗೂ ಒಪ್ಪುತ್ತದೆ. 8 ದಾಟಿದ್ದರೆ ಮತ್ತೆ ಗುದ್ದಲಿ ತೆಗೆದುಕೊಂಡು ಗಾರೆ ಚೂರು ಹುಡುಕಿ.